ಓದುಗರ ಪ್ರಶ್ನೋತ್ತರ: ತೆರೆಯ ಮೇಲಿನ ಹಿಂಸೆ, ಮಾತಿಲ್ಲದ ಮನೆ

ಮಕ್ಕಳ ಮೊಬೈಲ್ ಬಳಕೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಉತ್ತರಿಸುವಾಗ, ಹಿಂಸೆ ತುಂಬಿದ ಆಟ, ಸಿನಿಮಾ ಮತ್ತು ವಿಡಿಯೊಗಳ ವಿಚಾರವನ್ನು ಪ್ರತ್ಯೇಕವಾಗಿ ಎತ್ತಿಕೊಳ್ಳುವುದಾಗಿ ಬರೆದಿದ್ದೆ. ಅದರ ಬೆನ್ನಿಗೆ ಮಂಗಳೂರು ಮತ್ತು ಉಡುಪಿಯ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಪ್ರಥಮ ಪಿಯುಸಿಯಲ್ಲಿ ಓದುತ್ತಿದ್ದಾನೆ. ಯಜಮಾನರು ಕುವೈತ್‌ನಲ್ಲಿದ್ದಾರೆ, ಮನೆಯಲ್ಲಿ ನಾವಿಬ್ಬರೇ. ಕಾಲೇಜಿನಿಂದ ಬಂದವನು ಕೋಣೆಯ ಬಾಗಿಲು ಹಾಕಿಕೊಂಡರೆ ಊಟಕ್ಕೆ ಮಾತ್ರ ಹೊರಗೆ ಬರುತ್ತಾನೆ. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಒಂದು ಗಂಟೆಯ ತನಕ ಗುಂಡು ಹಾರಿಸುವ ಆಟ ಆಡುತ್ತಾನೆ. ‘ಬಿಡಬೇಡ ಅವನನ್ನು, ಹೊಡಿ, ಮುಗಿಸು’ ಎಂದು ಕೂಗುವುದು ಪಕ್ಕದ ಕೋಣೆಗೂ ಕೇಳಿಸುತ್ತದೆ. ಮೊಬೈಲ್ ಆಟದ ಜಗಳದಲ್ಲಿ ಕೊಲೆಯೇ ನಡೆದ ಸುದ್ದಿಗಳನ್ನು ಓದಿದ ಮೇಲೆ ನನಗೆ ನಿದ್ದೆ ಬರುವುದಿಲ್ಲ. ಮೊಬೈಲನ್ನು ಕಿತ್ತುಕೊಳ್ಳಲೇ?
— ಒಬ್ಬ ತಾಯಿ, ಸುರತ್ಕಲ್

ಉತ್ತರ: ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆಟದ ಸೋಲು ಗೆಲುವಿನ ಮಾತು ಬೆಳೆದು ಒಬ್ಬ ಬಾಲಕನ ಜೀವವೇ ಹೋದ ಘಟನೆ ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯಲ್ಲೇ ನಡೆದಿದೆ, ಅದನ್ನು ಇಲ್ಲಿಯ ತಾಯಂದಿರು ಮರೆತಿರಲಾರರು. ಆದರೆ ಅಂಥ ಸುದ್ದಿಗಳಲ್ಲಿ ಆಟದ ಹೆಸರು ತಲೆಬರಹಕ್ಕೆ ಏರುತ್ತದೆ. ಅದಕ್ಕೆ ಮೊದಲು ಆ ಮನೆಗಳಲ್ಲಿ, ಆ ಮಕ್ಕಳ ನಡುವೆ ಏನೇನು ನಡೆದಿತ್ತು ಎಂಬುದು ಎರಡು ಸಾಲಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಸುದ್ದಿಯ ಹೊರಗೇ ಉಳಿದುಬಿಡುತ್ತದೆ.

ಸಂಶೋಧಕರು ಈ ಪ್ರಶ್ನೆಯನ್ನು ದಶಕಗಳಿಂದ ಕೆದಕುತ್ತಿದ್ದಾರೆ. ಆಕ್ಸ್‌ಫರ್ಡ್‌ನ ತಂಡವೊಂದು 14 ಮತ್ತು 15 ವರ್ಷದ ಸುಮಾರು ಸಾವಿರ ಬ್ರಿಟಿಷ್ ಮಕ್ಕಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಿಂಸಾತ್ಮಕ ಆಟಗಳನ್ನು ಆಡುವ ಸಮಯಕ್ಕೂ ಮಕ್ಕಳ ಆಕ್ರಮಣಕಾರಿ ವರ್ತನೆಗೂ ಸಂಬಂಧ ಕಂಡುಬರಲಿಲ್ಲ. ಆ ಅಧ್ಯಯನದ ವಿಶೇಷವೇನೆಂದರೆ, ಮಗುವಿನ ವರ್ತನೆ ಹೇಗಿದೆ ಎಂಬುದನ್ನು ಮಕ್ಕಳಿಂದಲ್ಲದೆ ಅವರ ತಂದೆತಾಯಿಯರಿಂದ ಕೇಳಿ ತಿಳಿದುಕೊಂಡಿದ್ದರು. ಅಮೆರಿಕದ ಮನಃಶಾಸ್ತ್ರ ಸಂಘವು 2020ರಲ್ಲಿ ತನ್ನ ನಿಲುವನ್ನು ಪರಿಷ್ಕರಿಸಿ, ಇಂಥ ಆಟಗಳಿಗೂ ಕೂಗಾಟ, ತಳ್ಳಾಟದಂಥ ವರ್ತನೆಗೂ ಸಣ್ಣ ಪ್ರಮಾಣದ ನಂಟು ಇದೆ, ಆದರೆ ಕೊಲೆ ಅಥವಾ ಗುಂಡಿನ ದಾಳಿಯಂಥ ಗಂಭೀರ ಹಿಂಸೆಗೆ ಆಟವೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಹೇಳಿತು. ಆದ್ದರಿಂದ ನಿಮ್ಮ ಮಗ ‘ಮುಗಿಸು’ ಎಂದು ಕೂಗಿದ ಮಾತ್ರಕ್ಕೆ ಅವನ ಬಗ್ಗೆ ಹೆದರಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಚ್ಚಿದ ಆ ಬಾಗಿಲು. ‘ಬಿಡಬೇಡ’ ಎಂದು ಅವನು ಹೇಳುತ್ತಿರುವುದು ಯಾರಿಗೆ ಎಂದು ಒಮ್ಮೆ ಕೇಳಿ ನೋಡಿ. ಇಂಥ ಆಟಗಳನ್ನು ಹೆಚ್ಚಾಗಿ ನಾಲ್ವರ ತಂಡದಲ್ಲಿ ಆಡುತ್ತಾರೆ. ಹೆಡ್‌ಫೋನಿನ ಆಚೆ ತುದಿಯಲ್ಲಿ ಅವನ ಹೈಸ್ಕೂಲಿನ ಗೆಳೆಯರಿದ್ದರೆ ಹೊಸ ಕಾಲೇಜಿಗೆ ಸೇರಿದ ಹುಡುಗನ ಪಾಲಿಗೆ ಉಳಿದಿರುವ ಒಡನಾಟ ಅದೊಂದೇ ಆಗಿರಬಹುದು, ನೀವು ಮೊಬೈಲನ್ನು ಕಿತ್ತುಕೊಂಡ ದಿನ ಅದೂ ಹೋಗುತ್ತದೆ. ಅಲ್ಲಿರುವವರು ಅವನಿಗೂ ಗುರುತಿಲ್ಲದ, ವಯಸ್ಸು ತಿಳಿಯದ ಜನರಾಗಿದ್ದರೆ ಮಾತ್ರ ಅದು ಬೇರೆಯೇ ವಿಚಾರ, ಆಗ ಅವರು ಏನು ಮಾತಾಡುತ್ತಾರೆ ಎಂಬುದನ್ನು ನೀವು ತಿಳಿದುಕೊಳ್ಳಲೇಬೇಕು.

ಒಂದು ಸಂಜೆ ಚಹಾದ ಲೋಟ ಹಿಡಿದುಕೊಂಡು ಹೋಗಿ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಬುದ್ಧಿಮಾತು ಹೇಳದೆ ಒಂದು ಆಟ ಮುಗಿಯುವವರೆಗೆ ನೋಡಿ, ನಕಾಶೆ ಯಾವುದು, ಅವನ ಕೆಲಸವೇನು ಎಂದು ಕೇಳಿ. ಮೊದಲ ದಿನ ಅವನಿಗೆ ಕಿರಿಕಿರಿಯಾಗುತ್ತದೆ, ಆಗಲಿ. ಆಟವನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂಬುದನ್ನು ರಾತ್ರಿ ಹನ್ನೆರಡಕ್ಕೆ ಜಗಳವಾಡಿ ಹೇಳುವ ಬದಲು ರಜೆಯ ದಿನ ಹಗಲಿನಲ್ಲಿ ಕುಳಿತು ಇಬ್ಬರೂ ಸೇರಿ ನಿಗದಿ ಮಾಡಿ, ಹತ್ತೂವರೆಯ ಮೇಲೆ ಮೊಬೈಲು ಹಾಲ್‌ನಲ್ಲಿ ಚಾರ್ಜಿಗೆ ಇರಲಿ, ನಿಮ್ಮದೂ ಅಲ್ಲೇ ಇರಲಿ. ನಿದ್ದೆಗೆಟ್ಟ ಹುಡುಗನ ಸಿಡುಕನ್ನು ನಾವು ಎಷ್ಟೋ ಸಲ ಆಟದ ಲೆಕ್ಕಕ್ಕೆ ಬರೆಯುತ್ತೇವೆ.

ಯಜಮಾನರಿಗೂ ಒಂದು ಮಾತು ಹೇಳಿ. ಗಲ್ಫಿನಲ್ಲಿರುವ ತಂದೆಯಂದಿರು ಫೋನ್ ಮಾಡಿದಾಗ ಮಾರ್ಕ್ಸ್ ಎಷ್ಟು, ಅಮ್ಮನ ಮಾತು ಕೇಳುತ್ತೀಯೋ ಇಲ್ಲವೋ ಎಂಬ ಎರಡು ಪ್ರಶ್ನೆಗಳಲ್ಲಿ ಮಾತು ಮುಗಿಸಿಬಿಡುವುದನ್ನು ನಾನು ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಅವರು ದುಡಿಯುತ್ತಿರುವುದು ಮಗನಿಗಾಗಿಯೇ ಎಂಬುದು ಮಗನಿಗೆ ಗೊತ್ತಿದೆ. ತನ್ನ ದಿನ ಹೇಗೆ ಹೋಯಿತು ಎಂಬುದು ಅಪ್ಪನಿಗೆ ಬೇಕಾಗಿದೆ ಎಂಬುದೂ ಗೊತ್ತಾಗಬೇಕಾದರೆ ಅಪ್ಪ ಅದನ್ನು ಬಾಯಿಬಿಟ್ಟು ಕೇಳಬೇಕು.

ಆಟ ನಿಲ್ಲಿಸಲು ಅವನಿಂದಲೇ ಸಾಧ್ಯವಾಗದೆ ಕಾಲೇಜು, ಸ್ನಾನ, ಊಟ ಎಲ್ಲವೂ ತಪ್ಪುತ್ತಾ ತಿಂಗಳುಗಟ್ಟಲೆ ಹೋದರೆ ಅದು ಚಟವಾಗಿರುವ ಸಾಧ್ಯತೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಒಂದು ಕಾಯಿಲೆಯಾಗಿ ಪಟ್ಟಿಗೆ ಸೇರಿಸಿದ್ದು 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಎಂಬ ಚಿಕಿತ್ಸಾಲಯ 2014ರಿಂದ ನಡೆಯುತ್ತಿದೆ. ಅಷ್ಟು ದೂರ ಹೋಗುವ ಮೊದಲು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮನೋವೈದ್ಯರನ್ನು ಕಂಡರೆ ಸಾಕು.

ಪ್ರಶ್ನೆ: ನಾನು ನಿವೃತ್ತ ಮುಖ್ಯೋಪಾಧ್ಯಾಯ. ಅಮೆರಿಕದಲ್ಲಿ ಮಕ್ಕಳು ಈ ಆಟಗಳನ್ನು ಆಡಿ ಆಡಿ ಕೊನೆಗೆ ಶಾಲೆಗೇ ಬಂದೂಕು ತಂದು ಸಹಪಾಠಿಗಳನ್ನು ಕೊಲ್ಲುತ್ತಿದ್ದಾರೆ. ಆ ಪಿಡುಗು ನಮ್ಮಲ್ಲಿಗೆ ಬರುವ ಮೊದಲೇ ಸರಕಾರ ಇವನ್ನೆಲ್ಲ ನಿಷೇಧಿಸಬಾರದೇಕೆ? ನೀವು ಆಟದ ಪರವಾಗಿ ಮಾತಾಡುತ್ತೀರೆಂದು ಅನಿಸುತ್ತಿದೆ.
— ಓದುಗರು, ಕುಂದಾಪುರ

ಉತ್ತರ: ಆಟದ ಪರ ವಹಿಸುವ ಉದ್ದೇಶ ನನಗಿಲ್ಲ, ಸರ್. ಮಕ್ಕಳು ಕಂಡದ್ದನ್ನು ಕಲಿಯುತ್ತಾರೆ ಎಂಬ ನಿಮ್ಮ ಅನುಭವ ನಿಜವೇ. ಆಲ್ಬರ್ಟ್ ಬಂಡೂರ ಎಂಬ ಮನಃಶಾಸ್ತ್ರಜ್ಞರು 1961ರಲ್ಲಿ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದ 72 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಗಾಳಿ ತುಂಬಿದ ಆಳೆತ್ತರದ ಗೊಂಬೆಯನ್ನು ದೊಡ್ಡವರೊಬ್ಬರು ಗುದ್ದುವುದನ್ನೂ ಸುತ್ತಿಗೆಯಿಂದ ಹೊಡೆಯುವುದನ್ನೂ ಕೆಲವು ಮಕ್ಕಳಿಗೆ ತೋರಿಸಿದರು, ಕಂಡ ಮಕ್ಕಳು ಆಮೇಲೆ ಅದೇ ರೀತಿ, ಅದೇ ಮಾತುಗಳನ್ನು ಆಡುತ್ತಾ ಗೊಂಬೆಯನ್ನು ಹೊಡೆದವು. ಮುಂದೆ ಷಿಕಾಗೊದ ಮಕ್ಕಳನ್ನು ಹದಿನೈದು ವರ್ಷಗಳ ಅನಂತರ ಮತ್ತೆ ಭೇಟಿ ಮಾಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಆರರಿಂದ ಹತ್ತರ ವಯಸ್ಸಿನಲ್ಲಿ ಟಿವಿಯ ಹಿಂಸೆಯನ್ನು ಹೆಚ್ಚು ನೋಡಿದವರು ಪ್ರಾಯಕ್ಕೆ ಬಂದಾಗ ಉಳಿದವರಿಗಿಂತ ಹೆಚ್ಚು ಆಕ್ರಮಣಶೀಲರಾಗಿದ್ದುದು ಅದರಲ್ಲಿ ಕಂಡುಬಂತು. ಎಳೆಯ ಮಕ್ಕಳ ಕಣ್ಣಿಗೆ ಇಂಥದ್ದು ಬೀಳಬಾರದು ಎಂಬುದರಲ್ಲಿ ನನಗೂ ನಿಮಗೂ ಭಿನ್ನಾಭಿಪ್ರಾಯವಿಲ್ಲ.

ಆದರೆ ಗೊಂಬೆಗೆ ಹೊಡೆಯುವುದಕ್ಕೂ ಸಹಪಾಠಿಯನ್ನು ಕೊಲ್ಲುವುದಕ್ಕೂ ನಡುವೆ ಬಹಳ ದೂರವಿದೆ, ಆ ದೂರವನ್ನು ಕ್ರಮಿಸುವಂತೆ ಮಾಡುವುದು ಯಾವುದು ಎಂಬುದೇ ನಮ್ಮ ಪ್ರಶ್ನೆ. 1999ರ ಏಪ್ರಿಲ್ 20ರಂದು ಕೊಲೊರಾಡೊ ರಾಜ್ಯದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿದಾಗ ಅವರು ಆಡುತ್ತಿದ್ದ ಕಂಪ್ಯೂಟರ್ ಆಟದ ಕಡೆಗೆ ಎಲ್ಲರ ಬೆರಳು ಹೋಯಿತು. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನೂ ಅವುಗಳ 41 ದಾಳಿಕೋರರನ್ನೂ ಒಬ್ಬೊಬ್ಬರಾಗಿ ಪರಿಶೀಲಿಸಿದವು. ಹಿಂಸಾತ್ಮಕ ವಿಡಿಯೊ ಆಟಗಳಲ್ಲಿ ಆಸಕ್ತಿ ತೋರಿದವರು ಅವರಲ್ಲಿ ಶೇ. 12 ಮಾತ್ರ, ಸಿನಿಮಾ, ಪುಸ್ತಕ, ತಮ್ಮದೇ ಬರವಣಿಗೆ ಎಲ್ಲ ಸೇರಿಸಿದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಒಂಟಿಯೆಂದು ಗುರುತಿಸಿಕೊಂಡವರೂ ಮೂವರಲ್ಲಿ ಒಬ್ಬರಷ್ಟೇ. ಆದರೆ ಇತರರು ತಮ್ಮನ್ನು ಪೀಡಿಸಿದ್ದಾರೆ, ಅವಮಾನಿಸಿದ್ದಾರೆ, ಹಲ್ಲೆ ಮಾಡಿದ್ದಾರೆ ಎಂಬ ಗಾಯ ಹೊತ್ತವರು ಶೇ. 71, ಆತ್ಮಹತ್ಯೆಗೆ ಯತ್ನಿಸಿದವರು ಅಥವಾ ಅದನ್ನು ಯೋಚಿಸಿದ್ದವರು ಶೇ. 78. ಮೂರನೇ ಎರಡರಷ್ಟು ಮಂದಿಗೆ ಬಂದೂಕು ಸಿಕ್ಕಿದ್ದು ಸ್ವಂತ ಮನೆಯಲ್ಲಿ ಅಥವಾ ಬಂಧುಗಳ ಮನೆಯಲ್ಲಿ. ಅವೇ ಆಟಗಳನ್ನು ಜಪಾನ್ ಮತ್ತು ದಕ್ಷಿಣ ಕೊರಿಯದ ಮಕ್ಕಳೂ ಹುಚ್ಚಿನಿಂದ ಆಡುತ್ತಾರೆ. ಆ ದೇಶಗಳಲ್ಲಿ ಬಂದೂಕು ಮನೆಯ ಕಪಾಟಿನಲ್ಲಿ ಇರುವುದಿಲ್ಲ, ಶಾಲೆಯಲ್ಲಿ ಗುಂಡೂ ಹಾರುವುದಿಲ್ಲ.

ನಿಷೇಧದ ಫಲವನ್ನು ನಾವೇ ನೋಡಿದ್ದೇವೆ. ಪಬ್‌ಜಿಯನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು, ಅದೂ ಹಿಂಸೆಯ ಕಾರಣಕ್ಕಲ್ಲ, ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ರಕ್ಷಣೆಯ ಕಾರಣಕ್ಕೆ. ಮರುವರ್ಷದ ಜುಲೈನಲ್ಲಿ ಅದೇ ಆಟ ಭಾರತಕ್ಕೆಂದೇ ಹೊಸ ಹೆಸರು ಹೊತ್ತು ಬಂತು. ನೀವು ಮುಖ್ಯೋಪಾಧ್ಯಾಯರಾಗಿದ್ದವರು, ಆದ್ದರಿಂದ ನಿಮ್ಮಲ್ಲಿ ಕೇಳುತ್ತೇನೆ: ತರಗತಿಯಲ್ಲಿ ಒಬ್ಬನ ಬಣ್ಣವನ್ನೋ ಜಾತಿಯನ್ನೋ ತೊದಲನ್ನೋ ಹಿಡಿದು ದಿನಾ ಗೇಲಿ ಮಾಡುವುದನ್ನು ನಿಲ್ಲಿಸಲು ನಮ್ಮ ಎಷ್ಟು ಶಾಲೆಗಳಲ್ಲಿ ಯಾರಿಗಾದರೂ ಹೊಣೆ ವಹಿಸಲಾಗಿದೆ? ಸರಕಾರವನ್ನು ಒತ್ತಾಯಿಸುವುದಾದರೆ ನಾನು ಮೊದಲು ಅದನ್ನು ಕೇಳುತ್ತೇನೆ.

ಪ್ರಶ್ನೆ: ರಕ್ತಪಾತವೇ ತುಂಬಿರುವ ಸಿನಿಮಾಗಳಿಗೆ ಜನ ಸಣ್ಣ ಮಕ್ಕಳನ್ನು ಕರೆತರುತ್ತಾರೆ. ಇದಕ್ಕೆ ಕಾನೂನು ಇಲ್ಲವೇ?
— ಓದುಗರು, ಕಾರ್ಕಳ

ಉತ್ತರ: ಇದೆ. ‘ಎ’ ಪ್ರಮಾಣಪತ್ರದ ಚಿತ್ರಕ್ಕೆ 18 ತುಂಬದವರನ್ನು ಬಿಡುವಂತಿಲ್ಲ, ತಂದೆತಾಯಿ ಜೊತೆಗಿದ್ದರೂ ಬಿಡುವಂತಿಲ್ಲ. 2023ರ ತಿದ್ದುಪಡಿಯ ಅನಂತರ ‘ಯುಎ’ ವರ್ಗದಲ್ಲೇ 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆ ಎಂಬ ಮೂರು ಹಂತಗಳಾಗಿವೆ. ಇವು ತಂದೆತಾಯಿಗೆ ಕೊಡುವ ಸೂಚನೆಗಳು, ಬಾಗಿಲಲ್ಲಿ ತಡೆಯುವ ನಿಯಮಗಳಲ್ಲ. ಒಟಿಟಿಗಳೂ 2021ರ ನಿಯಮಗಳ ಪ್ರಕಾರ ಇದೇ ಬಗೆಯ ವಯೋಮಿತಿಯನ್ನು ತೋರಿಸಬೇಕು, ಬೀಗ ಹಾಕುವ ಸೌಲಭ್ಯವನ್ನೂ ಕೊಡಬೇಕು. ಆ ಬೀಗವನ್ನು ಹಾಕಿರುವ ಮನೆಗಳು ನನ್ನ ಪರಿಚಯದಲ್ಲಿ ಬಹಳ ಕಡಿಮೆ. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ದಯವಿಟ್ಟು ಹಾಕಿ.

ಪ್ರಶ್ನೆ: ನಾವು ಚಿಕ್ಕಂದಿನಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದವರು. ದುಶ್ಶಾಸನನ ಕರುಳು ಬಗೆದದ್ದನ್ನೂ ಹಿರಣ್ಯಕಶಿಪುವಿನ ವಧೆಯನ್ನೂ ಎದುರು ಸಾಲಿನಲ್ಲೇ ಕುಳಿತು ನೋಡಿದ್ದೇವೆ. ನಾವ್ಯಾರೂ ಕೊಲೆಗಡುಕರಾಗಲಿಲ್ಲ. ಹಾಗಿದ್ದ ಮೇಲೆ ಇಂದಿನ ಸಿನಿಮಾವನ್ನು ಮಾತ್ರ ದೂರುವುದೇಕೆ?
— ಓದುಗರು, ಕಟೀಲು

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಇದನ್ನು ಕೇಳಿದ್ದಕ್ಕೆ ನಿಮಗೆ ಕೃತಜ್ಞನಾಗಿದ್ದೇನೆ. ನೀವು ಆ ವಧೆಯನ್ನು ಯಾರೊಂದಿಗೆ ಕುಳಿತು ನೋಡಿದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಪಕ್ಕದಲ್ಲಿ ಅಜ್ಜಿ ಇದ್ದರು, ಹಿಂದೆ ಊರೇ ಇತ್ತು. ಮಹಿಷಾಸುರ ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಏಳುತ್ತಿದ್ದಂತೆ, ಪ್ರೇಕ್ಷಕರ ನಡುವಿನಿಂದಲೇ ಆರ್ಭಟಿಸುತ್ತಾ ಬಂದಾಗ ನೀವು ಹೆದರಿ ಯಾರದೋ ಮಡಿಲಿಗೆ ಮುಖ ಒತ್ತಿದಿರಿ, ಅವರು ನಿಮ್ಮ ಬೆನ್ನು ತಡವಿದರು. ಬೆಳಗಾದ ಮೇಲೆ ಚೌಕಿಯಲ್ಲಿ ಅದೇ ಮಹಿಷಾಸುರ ಬಣ್ಣ ತೆಗೆದು ಚಹಾ ಕುಡಿಯುತ್ತಿರುವುದನ್ನೂ ಕಂಡಿರಿ.

ಇನ್ನೂ ಮುಖ್ಯವಾದ ವಿಷಯವೊಂದಿದೆ. ತಾಳಮದ್ದಳೆಯಾಗಲಿ ಬಯಲಾಟವಾಗಲಿ, ಸಾಯುವವನಿಗೆ ಮಾತಿದೆ. ಕರ್ಣನ ಅರ್ಥ ಹೇಳುವವರು ಅವನು ಯಾಕೆ ಕೌರವನ ಕಡೆ ನಿಂತ, ಯಾವ ಅವಮಾನ ಅವನನ್ನು ಅಲ್ಲಿಗೆ ತಂದಿತು ಎಂಬುದನ್ನು ಗಂಟೆಗಟ್ಟಲೆ ಎದುರಾಳಿಯೊಡನೆ ವಾದಿಸುತ್ತಾರೆ. ಖಳನೆಂದು ಕರೆದವನ ಸಂಕಟವನ್ನು ಕೇಳಿಸಿಕೊಂಡ ಮೇಲೆಯೇ ಪ್ರೇಕ್ಷಕನಿಗೆ ಅವನ ಸಾವು ಸಿಗುವುದು. ಹದಿನೈದು ಸೆಕೆಂಡಿನ ರೀಲ್ಸ್‌ನಲ್ಲಿ ಬೀಸುವ ಮಚ್ಚು ಇದೆ, ಹಿನ್ನೆಲೆ ಸಂಗೀತವಿದೆ, ಸಾಯುವವನಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ಅದನ್ನು ನೋಡುವ ಹುಡುಗ ನಡುರಾತ್ರಿ ಹೊದಿಕೆಯೊಳಗೆ ಒಬ್ಬನೇ ಇದ್ದಾನೆ, ಒಂದರ ಹಿಂದೆ ಇನ್ನೊಂದು ಬರುತ್ತಲೇ ಇರುತ್ತದೆ. ನನ್ನ ದೂರು ರಕ್ತದ ಬಣ್ಣದ ಮೇಲಲ್ಲ, ಹಾಗೆ ನೋಡಿದ್ದನ್ನು ಕುರಿತು ಅವನೊಡನೆ ಮಾತಾಡಲು ಯಾರೂ ಇಲ್ಲವಲ್ಲ ಎಂಬುದರ ಮೇಲೆ.

ಪ್ರಶ್ನೆ: ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಲ್ಲೆಯ, ಕೊಲೆಯ ಸಿಸಿಟಿವಿ ದೃಶ್ಯಗಳು ಬರುತ್ತವೆ. ಜೊತೆಗೆ ‘ಅವರು ನಮ್ಮವರನ್ನು ಹೀಗೆ ಮಾಡಿದ್ದಾರೆ, ಎಲ್ಲರಿಗೂ ಕಳುಹಿಸಿ’ ಎಂಬ ಒಕ್ಕಣೆ ಇರುತ್ತದೆ. ಹಿರಿಯರೇ ಹಾಕುವುದರಿಂದ ನನಗೆ ಏನೂ ಹೇಳಲಾಗುವುದಿಲ್ಲ. ಗುಂಪಿನಲ್ಲಿ ಹೈಸ್ಕೂಲಿನ ಮಕ್ಕಳೂ ಇದ್ದಾರೆ.
— ಗೃಹಿಣಿ, ಬಂಟ್ವಾಳ

ಉತ್ತರ: ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಮೊಬೈಲ್ ಆಟಗಳಿಗಿಂತ ನೂರು ಪಾಲು ಹೆಚ್ಚು ನನ್ನನ್ನು ಕಾಡುವುದು ನೀವು ಬರೆದಿರುವ ಈ ವಿಡಿಯೊಗಳು. ಆಟದಲ್ಲಿ ಸಾಯುವವನು ಮರುಕ್ಷಣ ಎದ್ದು ಬರುತ್ತಾನೆ, ಅದು ಆಟ ಎಂದು ಆಡುವ ಮಗುವಿಗೂ ಗೊತ್ತು. ಇಲ್ಲಿ ಸಾಯುತ್ತಿರುವುದು ನಿಜವಾದ ಮನುಷ್ಯ, ಆ ದೃಶ್ಯದ ಜೊತೆಗೆ ಯಾರನ್ನು ದ್ವೇಷಿಸಬೇಕು ಎಂಬ ಆದೇಶವೂ ಬರುತ್ತದೆ, ಕಳುಹಿಸಿದವರು ಮಾವನೋ ಚಿಕ್ಕಪ್ಪನೋ ಆಗಿರುವುದರಿಂದ ಅದಕ್ಕೆ ಮನೆಯ ಒಪ್ಪಿಗೆಯ ಮುದ್ರೆಯೂ ಬೀಳುತ್ತದೆ. ತಲವಾರು ಹಿಡಿದು ಹೊರಟ ಹುಡುಗನಿಗೆ ಧೈರ್ಯ ಬರುವುದು, ತಾನು ಮಾಡುವುದನ್ನು ಮೆಚ್ಚುವವರು ಇದ್ದಾರೆ ಎಂಬ ನಂಬಿಕೆಯಿಂದ. ಆ ನಂಬಿಕೆಯನ್ನು ಅವನಿಗೆ ಒದಗಿಸುವುದು ಇಂಥ ಗುಂಪುಗಳೇ.

ಟಿವಿಯ ಪ್ರಭಾವವನ್ನು ದೀರ್ಘಕಾಲ ಅಧ್ಯಯನ ಮಾಡಿದ ಜಾರ್ಜ್ ಗರ್ಬ್ನರ್ ಅವರು, ಹಿಂಸೆಯನ್ನು ಹೆಚ್ಚು ನೋಡುವವರು ತಾವು ಹೊಡೆದಾಟಕ್ಕೆ ಇಳಿಯುವುದಕ್ಕಿಂತ ಹೆಚ್ಚಾಗಿ, ಲೋಕವೇ ಕ್ರೂರವಾಗಿದೆ, ಯಾರನ್ನೂ ನಂಬುವಂತಿಲ್ಲ ಎಂಬ ಭಯಕ್ಕೆ ಬೀಳುತ್ತಾರೆ ಎಂದು ಗುರುತಿಸಿದರು. ಹೆದರಿದ ಜನ ಏನು ಮಾಡಬಲ್ಲರು ಎಂಬುದನ್ನು ನಮ್ಮದೇ ರಾಜ್ಯ ಕಂಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹಬ್ಬಿಸಿ, ಬೆನ್ನಟ್ಟಿ ಹೊಡೆದು, ಒಬ್ಬ ಯುವಕನನ್ನು ಕೊಂದರು. ಆ ದಿನಗಳಲ್ಲಿ ದೇಶದ ತುಂಬ ಹರಿದಾಡಿದ, ಬೈಕಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ, ಕರಾಚಿಯಲ್ಲಿ ಜನಜಾಗೃತಿಗಾಗಿ ಮಾಡಿದ ಒಂದು ಕಿರುಚಿತ್ರದ ತುಂಡು. ಮಗುವನ್ನು ವಾಪಸು ತಂದು ಬಿಡುವ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ವಾಟ್ಸಾಪ್ ಭಾರತದಲ್ಲಿ ಮಿತಿ ಹಾಕಿದ್ದು ಆ ಕೊಲೆಗಳ ಅನಂತರವೇ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ತನ್ನ ಕೃತ್ಯವನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಮೊದಲ ಒಂದು ದಿನದಲ್ಲೇ ಅದರ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಬೇಕಾಯಿತೆಂದು ಫೇಸ್‌ಬುಕ್ ಹೇಳಿತು. ಆ ಕೊಲೆಗಾರನಿಗೆ ಬೇಕಾಗಿದ್ದದ್ದು ನೋಡುಗರು. ಮುಂದಕ್ಕೆ ಕಳುಹಿಸಿದ ಪ್ರತಿಯೊಬ್ಬರೂ, ಶಪಿಸುತ್ತಾ ಕಳುಹಿಸಿದವರೂ, ಅವನ ಆ ಕೆಲಸವನ್ನೇ ಮಾಡಿಕೊಟ್ಟರು.

ಹಿರಿಯರಿಗೆ ಗುಂಪಿನಲ್ಲಿ ಎಲ್ಲರೆದುರು ಹೇಳಬೇಡಿ. ಮನೆಗೆ ಹೋದಾಗ ಅಥವಾ ಫೋನ್ ಮಾಡಿ, ‘ಮಾವ, ಗುಂಪಿನಲ್ಲಿ ಮಕ್ಕಳಿದ್ದಾರೆ, ಅದನ್ನು ನೋಡಿ ರಾತ್ರಿ ಹೆದರುತ್ತಾರೆ, ದಯವಿಟ್ಟು ತೆಗೆದುಬಿಡಿ’ ಎಂದು ಹೇಳಿ. ಹೆಚ್ಚಿನವರು ಕೇಳುತ್ತಾರೆ. ಧರ್ಮ, ಜಾತಿಗಳ ನಡುವೆ ವೈರ ಹುಟ್ಟಿಸುವ ಸಂದೇಶ ಹರಡುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ ಅಪರಾಧ ಎಂಬುದೂ ಅವರಿಗೆ ಗೊತ್ತಿರಲಿ. ಆದರೆ ಆ ಮಾತನ್ನು ಮೊದಲಿಗೇ ಆಡಬೇಡಿ, ಸಂಬಂಧ ಕೆಡುತ್ತದೆ. ಅಷ್ಟಕ್ಕೂ ಕೇಳದಿದ್ದರೆ ಮಕ್ಕಳನ್ನು ಗುಂಪಿನಿಂದ ಹೊರಗೆ ತನ್ನಿ. ಯಾಕೆ ತಂದಿರಿ ಎಂದು ಯಾರಾದರೂ ಕೇಳಿದರೆ ಅಳುಕಿಲ್ಲದೆ ಕಾರಣ ಹೇಳಿ.

ಪ್ರಶ್ನೆ: ನಾನು ಮಣಿಪಾಲದಲ್ಲಿ ಓದುತ್ತಿರುವ ಉತ್ತರ ಕರ್ನಾಟಕದ ಹುಡುಗ. ನನ್ನ ಭಾಷೆ ಕೇಳಿ ಕ್ಲಾಸಿನವರು ಮೊದಲ ವಾರವೇ ನಕ್ಕರು. ಈಗ ಯಾರೊಂದಿಗೂ ಮಾತಿಲ್ಲ, ಮೆಸ್‌ನಲ್ಲೂ ಒಬ್ಬನೇ ಕೂರುತ್ತೇನೆ. ರಾತ್ರಿಯೆಲ್ಲ ನಿಜವಾದ ಹೊಡೆದಾಟದ, ಕೊಲೆಯ ವಿಡಿಯೊ ನೋಡುತ್ತೇನೆ. ಮೊದಲು ಹೊಟ್ಟೆ ತೊಳಸುತ್ತಿತ್ತು, ಈಗ ಏನೂ ಆಗುವುದಿಲ್ಲ. ನಕ್ಕವರಿಗೂ ಹೀಗೇ ಆಗಬೇಕು ಎಂದು ಕೆಲವೊಮ್ಮೆ ಅನಿಸುತ್ತದೆ. ನಾನು ಅಪಾಯಕಾರಿ ಮನುಷ್ಯನೇ?
— ವಿದ್ಯಾರ್ಥಿ, ಮಣಿಪಾಲ

ಉತ್ತರ: ಇದನ್ನು ಬರೆದು ಕಳುಹಿಸಿದ್ದೀರಲ್ಲ, ಅದಕ್ಕೆ ದೊಡ್ಡ ಧೈರ್ಯ ಬೇಕು. ನಿಮ್ಮ ಪತ್ರವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ.

ಒಂಟಿಯಾಗಿರುವವರೆಲ್ಲ ಅಪಾಯಕಾರಿಗಳಲ್ಲ. ಜಪಾನಿನಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಮನೆಯೊಳಗೇ ಉಳಿದು ಸಮಾಜದಿಂದ ದೂರವಾದವರನ್ನು ‘ಹಿಕಿಕೊಮೊರಿ’ ಎನ್ನುತ್ತಾರೆ. ಅಲ್ಲಿಯ ಸರಕಾರ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅವರ ಸಂಖ್ಯೆ 14 ಲಕ್ಷ ದಾಟುತ್ತದೆ, ಅವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತಿದವರಲ್ಲ, ನೊಂದವರು. ಒಬ್ಬರೇ ಇರುವುದಕ್ಕಿಂತ ಹೆಚ್ಚು ಸುಡುವುದು, ಹೊರಗೆ ಹಾಕಿಸಿಕೊಂಡೆ ಎಂಬ ನೋವು. ಮನಃಶಾಸ್ತ್ರಜ್ಞೆ ಜೀನ್ ಟ್ವೆಂಗಿ ಮತ್ತು ಅವರ ಜೊತೆಗಾರರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಾಲೇಜು ವಿದ್ಯಾರ್ಥಿಗಳ ಗುಂಪಿನಲ್ಲಿ ಕೆಲವರಿಗೆ ‘ನಿಮ್ಮೊಡನೆ ಕೆಲಸ ಮಾಡಲು ಯಾರೂ ಬಯಸಲಿಲ್ಲ’ ಎಂದು ಸುಳ್ಳೇ ಹೇಳಿದರು. ಆಮೇಲೆ ಅವರು ಕಂಪ್ಯೂಟರ್ ಆಟದಲ್ಲಿ ಎದುರಾಳಿಯ ಕಿವಿಗೆ ಕರ್ಕಶ ಸದ್ದು ಕೇಳಿಸುವ ಅವಕಾಶ ಸಿಕ್ಕಾಗ ಉಳಿದವರಿಗಿಂತ ಜೋರಾಗಿ, ಹೆಚ್ಚು ಹೊತ್ತು ಕೇಳಿಸಿದರು. ಆ ಎದುರಾಳಿ ಅವರನ್ನು ನಿರಾಕರಿಸಿದವನೂ ಆಗಿರಲಿಲ್ಲ. ನಿಮ್ಮ ಸಿಟ್ಟು ಆ ಬಗೆಯದು, ಆರೋಗ್ಯವಂತ ಮನುಷ್ಯರಲ್ಲೇ ಹುಟ್ಟುವಂಥದ್ದು. ಇದೇ ಸಂಶೋಧಕರು 2007ರಲ್ಲಿ ಇನ್ನೊಂದನ್ನು ತೋರಿಸಿದರು. ಹಾಗೆ ತಿರಸ್ಕೃತರಾದವರಿಗೆ ಸ್ನೇಹದಿಂದ ಮಾತಾಡುವ ಒಂದು ಸಣ್ಣ ಭೇಟಿ ಸಿಕ್ಕರೂ ಆಕ್ರಮಣದ ತೀವ್ರತೆ ಇಳಿಯಿತು. ಇಡೀ ಕ್ಲಾಸು ನಿಮ್ಮನ್ನು ಒಪ್ಪಬೇಕಾಗಿಲ್ಲ, ಒಬ್ಬರು ಸಾಕು.

ವಿಡಿಯೊ ನೋಡಿದರೂ ಏನೂ ಅನಿಸದಿರುವುದಕ್ಕೆ ಕಾರಣ ನಿಮ್ಮ ಮನಸ್ಸು ಕಲ್ಲಾದದ್ದಲ್ಲ, ಮೈ ಅದಕ್ಕೆ ಒಗ್ಗಿಹೋದದ್ದು. 20 ನಿಮಿಷ ಹಿಂಸಾತ್ಮಕ ಆಟ ಆಡಿದವರು ಅನಂತರ ನಿಜವಾದ ಹಿಂಸೆಯ ದೃಶ್ಯ ನೋಡಿದಾಗ ಅವರ ಎದೆಬಡಿತ ಇತರರಷ್ಟು ಏರಲಿಲ್ಲವೆಂದು 2007ರ ಅಧ್ಯಯನವೊಂದು ಹೇಳುತ್ತದೆ. ಹೀಗೆ ಒಗ್ಗಿದ್ದು ಬಿಟ್ಟುಹೋಗಬೇಕಾದರೆ ನೋಡುವುದನ್ನು ನಿಲ್ಲಿಸಬೇಕು. ಆ ಚಾನೆಲ್‌ಗಳಿಂದ, ಗುಂಪುಗಳಿಂದ ಇಂದೇ ಹೊರಬನ್ನಿ. ಅವುಗಳಲ್ಲಿ ನಿಮ್ಮ ನೋವನ್ನು ಅರ್ಥ ಮಾಡಿಕೊಂಡವರಂತೆ ಮಾತಾಡಿ, ನಿಮ್ಮ ಶತ್ರು ಇಂಥವರು ಎಂದು ತೋರಿಸಿಕೊಡುವವರು ಇದ್ದರಂತೂ ಒಂದು ಕ್ಷಣವೂ ನಿಲ್ಲಬೇಡಿ. ಕ್ಯಾಲಿಫೋರ್ನಿಯದ ಇಸ್ಲಾ ವಿಸ್ಟಾದಲ್ಲಿ 2014ರಲ್ಲಿ ಆರು ಜನರನ್ನು ಕೊಂದು ತಾನೂ ಸತ್ತ ಯುವಕ ತಿರಸ್ಕಾರದ ನೋವನ್ನು ದ್ವೇಷವಾಗಿ ಬೆಳೆಸಿಕೊಂಡವನು. ಅವನನ್ನು ಹೊಗಳುವ ಜಾಲತಾಣದ ಗುಂಪುಗಳು ಆಮೇಲೆ ಎಷ್ಟೋ ಒಂಟಿ ಹುಡುಗರನ್ನು ಸೆಳೆದವು.

ಈ ವಾರವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲೇ ಮಾತಾಡುತ್ತಾರೆ, ನಿಮ್ಮ ಊರಿನ ಕನ್ನಡಕ್ಕೆ ಅಲ್ಲಿ ಯಾರೂ ನಗುವುದಿಲ್ಲ. ಯಾರಿಗಾದರೂ ಏನಾದರೂ ಮಾಡುವ ಯೋಚನೆ ದಿನ, ಜಾಗ, ಆಯುಧ ಎಂದು ರೂಪ ಪಡೆಯತೊಡಗಿದರೆ, ಅಥವಾ ನಿಮ್ಮನ್ನೇ ಮುಗಿಸಿಕೊಳ್ಳುವ ಯೋಚನೆ ಬಂದರೆ, ರಾತ್ರಿಯಾದರೂ ಸರಿ, ಕಾಯದೆ ವಾರ್ಡನ್‌ರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ. ಊರಿನಲ್ಲಿರುವ ನಿಮ್ಮ ಅಮ್ಮನಿಗೆ ಅಥವಾ ಅಣ್ಣನಿಗೆ ‘ಇಲ್ಲಿ ನನಗೆ ಹಿಡಿಸುತ್ತಿಲ್ಲ’ ಎಂಬ ಒಂದು ವಾಕ್ಯವನ್ನಾದರೂ ಇಂದು ಸಂಜೆ ಹೇಳಿ. ಪತ್ರಿಕೆಯ ವಿಳಾಸಕ್ಕೆ ಮತ್ತೆ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಈ ಪತ್ರವನ್ನು ಓದುತ್ತಿರುವ ಮಣಿಪಾಲದ, ಉಡುಪಿಯ, ಮಂಗಳೂರಿನ ವಿದ್ಯಾರ್ಥಿಗಳಲ್ಲೂ ಒಂದು ಕೋರಿಕೆ. ಬೇರೆ ಸೀಮೆಯ ಕನ್ನಡ ಕೇಳಿ ನೀವು ನಕ್ಕದ್ದು ನಿಮಗೆ ಮರೆತುಹೋಗಿರಬಹುದು, ಕೇಳಿಸಿಕೊಂಡವನಿಗೆ ಮರೆತಿಲ್ಲ. ನಾಳೆ ಮೆಸ್‌ನಲ್ಲಿ ಒಬ್ಬನೇ ಕುಳಿತವನ ಎದುರಿನ ಕುರ್ಚಿಯನ್ನು ಎಳೆದುಕೊಂಡು ಕುಳಿತುಕೊಳ್ಳಿ.

ಪ್ರಶ್ನೆ: ನನ್ನ ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ ಇನ್ನೊಬ್ಬನ ಬಗ್ಗೆ ‘ಪರೀಕ್ಷೆ ಮುಗಿಯಲಿ, ಅವನನ್ನು ನೋಡಿಕೊಳ್ಳುತ್ತೇನೆ’ ಎಂದು ಗೆಳೆಯರಿಗೆ ಹೇಳಿದ್ದಾನಂತೆ. ಸ್ಟೇಟಸ್‌ನಲ್ಲಿ ಚೂರಿಯ ಚಿತ್ರವನ್ನೂ ಹಾಕಿದ್ದಾನೆ. ಸಿನಿಮಾದ ಪ್ರಭಾವ, ಬಿಟ್ಟುಬಿಡಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ.
— ಅಧ್ಯಾಪಕಿ, ಬ್ರಹ್ಮಾವರ

ಉತ್ತರ: ಬಿಡಬೇಡಿ, ಟೀಚರ್. ಶಾಲಾ ದಾಳಿಗಳ ಬಗ್ಗೆ ಮೇಲೆ ಹೇಳಿದ ಅಮೆರಿಕದ ವರದಿಯ ಅತಿ ಉಪಯುಕ್ತ ಭಾಗ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದು. ಆ ದಾಳಿಗಳಲ್ಲಿ ಶೇ. 81ರಷ್ಟನ್ನು ಕುರಿತು ಮೊದಲೇ ಕನಿಷ್ಠ ಒಬ್ಬರಿಗೆ ಗೊತ್ತಿತ್ತು, ಗೊತ್ತಿದ್ದವರು ಬಹುತೇಕ ಅದೇ ವಯಸ್ಸಿನ ಗೆಳೆಯರು, ಸಹಪಾಠಿಗಳು. ದೊಡ್ಡವರ ಕಿವಿಗೆ ಅದು ಬಿದ್ದದ್ದು ತೀರ ಅಪರೂಪ. ನಿಮ್ಮ ತರಗತಿಯಲ್ಲಿ ಮಕ್ಕಳು ನಿಮಗೆ ಬಂದು ಹೇಳಿದ್ದಾರೆ, ಅಂದರೆ ಅವರಿಗೆ ನಿಮ್ಮ ಮೇಲೆ ನಂಬಿಕೆಯಿದೆ. ಹೇಳಿದ ಮಕ್ಕಳ ಹೆಸರು ಎಲ್ಲಿಯೂ ಹೊರಬೀಳದಂತೆ ನೋಡಿಕೊಳ್ಳಿ, ಇಲ್ಲವಾದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಹಾಗೆಂದು ನೇರವಾಗಿ ಪೊಲೀಸರನ್ನು ಶಾಲೆಗೆ ಕರೆಸಿ, ಹದಿನಾಲ್ಕರ ಹುಡುಗನನ್ನು ಎಲ್ಲರೆದುರು ನಿಲ್ಲಿಸಿದರೆ, ಅವನಿಗೆ ಆಗಲೇ ಆಗಿರುವ ಅವಮಾನಕ್ಕೆ ಇನ್ನೊಂದನ್ನು ಸೇರಿಸಿದಂತಾಗುತ್ತದೆ. ಮುಖ್ಯೋಪಾಧ್ಯಾಯರಿಗೆ ಇಂದೇ ತಿಳಿಸಿ. ಹುಡುಗನನ್ನು ಸ್ಟಾಫ್‌ರೂಮಿನ ಗದ್ದಲದಲ್ಲಲ್ಲದೆ ಬೇರೆಡೆ ಕೂರಿಸಿಕೊಂಡು, ಸ್ಟೇಟಸ್ ಯಾಕೆ ಹಾಕಿದೆ ಎಂಬುದಕ್ಕಿಂತ ಮೊದಲು ಆ ಇನ್ನೊಬ್ಬ ನಿನಗೆ ಏನು ಮಾಡಿದ ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ. ಆ ಇನ್ನೊಬ್ಬ ಹುಡುಗನನ್ನೂ ಪ್ರತ್ಯೇಕವಾಗಿ ವಿಚಾರಿಸಿ, ಅವನ ರಕ್ಷಣೆ ನಿಮ್ಮ ಮೊದಲ ಹೊಣೆ, ಕೆಲವು ದಿನ ಅವನು ಮನೆಗೆ ಒಬ್ಬನೇ ಹೋಗದಿರಲಿ. ಇಬ್ಬರ ಮನೆಯವರನ್ನೂ ಬೇರೆ ಬೇರೆ ಹೊತ್ತಿನಲ್ಲಿ ಕರೆಸಿ. ಹುಡುಗ ನಿಜವಾಗಿ ಚೂರಿಯನ್ನು ತಂದಿಟ್ಟುಕೊಂಡಿದ್ದಾನೆ, ದಿನ ಗೊತ್ತುಮಾಡಿದ್ದಾನೆ ಎಂಬ ಸುಳಿವು ಸಿಕ್ಕರೆ ಮಾತ್ರ ತಡಮಾಡದೆ 112ಕ್ಕೆ ತಿಳಿಸಿ. ಅಷ್ಟರ ಮಟ್ಟಿಗೆ ಹೋಗಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ರವರ ನೆರವು ಪಡೆಯಬಹುದು, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಲೂಬಹುದು. ಪರೀಕ್ಷೆ ಮುಗಿಯುವ ತನಕ ಕಾಯಬೇಡಿ, ಅವನು ಹೇಳಿರುವ ಗಡುವು ಅದೇ.